ವಿಮಾನ ಕಡಿಮೆಯಾದರೆ ಕಂಟ್ರೋಲರ್ ಕೆಲಸವೂ ಹಗುರವಾಗುತ್ತದೆಯೇ?

ಚಳಿಗಾಲದ ಮುಂಜಾನೆಗಳಲ್ಲಿ ದೇವನಹಳ್ಳಿಯ ಮಂಜು ವಿಮಾನಗಳ ವೇಳಾಪಟ್ಟಿಯನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಹಿಂದಿನ ಸಂಚಿಕೆಯಲ್ಲಿ ವಿವರಿಸಿದ್ದೆ. ಅದನ್ನು ಓದಿದ ಹಲವರು ಮಂಜಿನ ವಿಚಾರವನ್ನು ಬಿಟ್ಟು, ಆ ಹೊತ್ತಿನಲ್ಲಿ ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಏರ್ ಟ್ರಾಫಿಕ್ ಕಂಟ್ರೋಲರ್‌ಗಳ ಪಾಡೇನು ಎಂದು ಕೇಳಿ ಬರೆದಿದ್ದಾರೆ. ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿ, ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಒಬ್ಬ ಕಂಟ್ರೋಲರ್ ಏಕಕಾಲಕ್ಕೆ ಎಷ್ಟು ವಿಮಾನಗಳನ್ನು ನೋಡಿಕೊಳ್ಳಬಹುದು ಎಂಬುದಕ್ಕೆ ನಿಗದಿತ ಸಂಖ್ಯೆ ಇದೆಯೇ? ಇದ್ದರೆ, ಸಂಚಾರ ಹೆಚ್ಚಿದಂತೆ ಅದೇ ಪ್ರಮಾಣದಲ್ಲಿ ಸಿಬ್ಬಂದಿಯನ್ನು ಹೆಚ್ಚಿಸಿದರೆ ಸಾಕಲ್ಲವೇ?
— ಭೌತಶಾಸ್ತ್ರದ ಉಪನ್ಯಾಸಕರೊಬ್ಬರು, ದಾವಣಗೆರೆ

ಉತ್ತರ: ಸಂಖ್ಯೆಯೇನೋ ಇದೆ, ಆದರೆ ಅದನ್ನು ವ್ಯಕ್ತಿಯ ಲೆಕ್ಕದಲ್ಲಿ ನಿಗದಿ ಮಾಡದೆ ಸೆಕ್ಟರ್‌ನ ಲೆಕ್ಕದಲ್ಲಿ ಮಾಡುತ್ತಾರೆ. ಭಾರತದ ವಾಯುಪ್ರದೇಶವು ದೆಹಲಿ, ಮುಂಬೈ, ಕೋಲ್ಕತ್ತ ಮತ್ತು ಚೆನ್ನೈ ಎಂಬ ನಾಲ್ಕು ದೊಡ್ಡ ವಲಯಗಳಾಗಿ ಹಂಚಿಹೋಗಿದೆ. ಬೆಂಗಳೂರು ಚೆನ್ನೈ ವಲಯಕ್ಕೆ ಸೇರುತ್ತದೆ. ಪ್ರತಿಯೊಂದು ವಲಯವನ್ನೂ ಸೆಕ್ಟರ್‌ಗಳಾಗಿ ತುಂಡರಿಸಿ, ಒಂದೊಂದಕ್ಕೂ ಒಂದು ರೇಡಿಯೊ ತರಂಗಾಂತರವನ್ನು ಕೊಟ್ಟಿರುತ್ತಾರೆ. ಒಂದು ಸೆಕ್ಟರ್‌ಗೆ ಗಂಟೆಗೆ ಇಂತಿಷ್ಟೇ ವಿಮಾನಗಳು ಬರಬಹುದೆಂಬ ಮಿತಿಯನ್ನು ಮೊದಲೇ ಗೊತ್ತುಮಾಡಿರುತ್ತಾರೆ.

ಆ ಮಿತಿಯೊಳಗಿದ್ದ ಮಾತ್ರಕ್ಕೆ ಹೊರೆ ಹಗುರವೆಂದು ಭಾವಿಸುವಂತಿಲ್ಲ. ಏಪ್ರಿಲ್-ಮೇ ತಿಂಗಳ ಸಂಜೆ ಬೆಂಗಳೂರಿನ ಸುತ್ತ ಗುಡುಗುಮೋಡ ಕಟ್ಟಿದಾಗ ಏನಾಗುತ್ತದೆಂದು ನೋಡಿ. ಹಿಂದಿನ ದಿನ ಅದೇ ಹೊತ್ತಿನಲ್ಲಿ ಅಷ್ಟೇ ವಿಮಾನಗಳು ಗೊತ್ತಾದ ದಾರಿಯಲ್ಲಿ ಸಾಲಾಗಿ ಬಂದು ಇಳಿದಿರುತ್ತವೆ. ಇಂದು ಪ್ರತಿಯೊಬ್ಬ ಪೈಲಟ್ ಕೂಡ ಮೋಡವನ್ನು ತಪ್ಪಿಸಲು ಎಡಕ್ಕೋ ಬಲಕ್ಕೋ ತಿರುಗಲು ಅನುಮತಿ ಕೇಳುತ್ತಾರೆ. ಒಂದು ಅನುಮತಿ ಕೊಡಬೇಕಾದರೆ ಆ ದಿಕ್ಕಿನಲ್ಲಿ ಬೇರೆ ಯಾರಿದ್ದಾರೆಂದು ನೋಡಬೇಕು, ತಿರುವು ಪಕ್ಕದ ಸೆಕ್ಟರ್‌ನೊಳಕ್ಕೆ ಹೋಗುವುದಾದರೆ ಅಲ್ಲಿನವರಿಗೆ ಫೋನಿನಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು, ಪೈಲಟ್‌ಗೆ ಹೇಳಿದ್ದನ್ನು ಅವರು ತಿರುಗಿ ಒಪ್ಪಿಸುವಾಗ ಅಂಕಿ ತಪ್ಪಿಲ್ಲವೆಂದು ಕಿವಿಗೊಟ್ಟು ಕೇಳಬೇಕು. ತರಂಗಾಂತರ ಒಂದೇ ಆದ್ದರಿಂದ ಒಮ್ಮೆಗೆ ಒಬ್ಬರು ಮಾತ್ರ ಮಾತನಾಡಲು ಸಾಧ್ಯ. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಕೀರಲು ಸದ್ದಷ್ಟೇ ಕೇಳಿಸುತ್ತದೆ, ಇಬ್ಬರೂ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಹೀಗೆ ವಿಮಾನಗಳ ಸಂಖ್ಯೆ ಒಂದೂ ಹೆಚ್ಚದೆ ಕೆಲಸ ಮಾತ್ರ ಎರಡು-ಮೂರು ಪಟ್ಟಾಗಬಹುದು.

ಇದರ ಹಿಂದಿರುವ ಕಾಲದ ಒತ್ತಡವನ್ನು ನಿಮ್ಮ ವಿಷಯದ ಭಾಷೆಯಲ್ಲೇ ಹೇಳುತ್ತೇನೆ. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಹಾರುವ ಜೆಟ್ ವಿಮಾನ ನಿಮಿಷಕ್ಕೆ 15 ಕಿಲೋಮೀಟರ್ ಸಾಗುತ್ತದೆ, ಆದ್ದರಿಂದ ಒಂದೇ ಎತ್ತರದಲ್ಲಿ ಎದುರುಬದುರಾಗಿ ಬರುವ ಎರಡು ವಿಮಾನಗಳ ನಡುವಣ ದೂರ ನಿಮಿಷಕ್ಕೆ 30 ಕಿಲೋಮೀಟರ್‌ನಂತೆ ಕರಗುತ್ತದೆ. ರಾಡಾರ್ ವ್ಯಾಪ್ತಿಯಲ್ಲಿ ಅವುಗಳ ನಡುವೆ ಸಾಮಾನ್ಯವಾಗಿ 5 ನಾಟಿಕಲ್ ಮೈಲು, ಅಂದರೆ 9 ಕಿಲೋಮೀಟರ್‌ಗೆ ತುಸು ಹೆಚ್ಚು ಅಂತರವಿರಬೇಕು, ಇಲ್ಲವೇ ಎತ್ತರದಲ್ಲಿ 1000 ಅಡಿ ವ್ಯತ್ಯಾಸವಿರಬೇಕು. ಪರದೆಯ ಮೇಲೆ 60 ಕಿಲೋಮೀಟರ್ ದೂರ ಕಂಡರೂ ಕಂಟ್ರೋಲರ್ ಕೈಯಲ್ಲಿರುವುದು ಎರಡು ನಿಮಿಷಕ್ಕಿಂತ ಕಡಿಮೆ ಸಮಯ.

ಫ್ರಾನ್ಸಿನ ಸಂಶೋಧಕ ಸ್ಪೆರಾಂಡಿಯೊ 1970ರ ದಶಕದ ಆರಂಭದಲ್ಲಿ ಪ್ಯಾರಿಸ್‌ನ ಕಂಟ್ರೋಲರ್‌ಗಳನ್ನು ಗಮನಿಸಿ ಒಂದು ವಿಷಯವನ್ನು ತೋರಿಸಿಕೊಟ್ಟರು. ವಿಮಾನಗಳು ಕಡಿಮೆಯಿದ್ದಾಗ ಅವರು ಒಂದೊಂದರ ಅನುಕೂಲವನ್ನೂ ನೋಡಿ ಹತ್ತಿರದ ದಾರಿ ಕೊಡುತ್ತಾರೆ; ಹೆಚ್ಚಿದಂತೆ ಎಲ್ಲರಿಗೂ ಒಂದೇ ದಾರಿ, ಒಂದೇ ವೇಗ ಎಂದು ತಮ್ಮ ವಿಧಾನವನ್ನೇ ಬದಲಿಸಿಕೊಳ್ಳುತ್ತಾರೆ; ಅದಕ್ಕೂ ಮೀರಿದಾಗ ವಿಮಾನಗಳನ್ನು ಒಂದೆಡೆ ಸುತ್ತು ಹಾಕಿಸುತ್ತಾರೆ. ಬೆಂಗಳೂರಿನ ಮೇಲೆ ನಿಮ್ಮ ವಿಮಾನ ಸುತ್ತು ಹೊಡೆಯುತ್ತಿದ್ದರೆ ಕೆಳಗಿರುವವರು ಈ ಮೂರನೆಯ ಹಂತಕ್ಕೆ ಬಂದಿರಬಹುದು.

ಇನ್ನು ಸಿಬ್ಬಂದಿಯನ್ನು ಹೆಚ್ಚಿಸುವ ಮಾತು. ಸಂಚಾರ ಏರಿದಾಗ ಒಂದು ಸೆಕ್ಟರನ್ನು ಎರಡಾಗಿ ಒಡೆದು ಇನ್ನೊಬ್ಬ ಕಂಟ್ರೋಲರನ್ನು ಕೂರಿಸುತ್ತಾರೆ, ಇಳಿದಾಗ ಮತ್ತೆ ಒಂದಾಗಿಸುತ್ತಾರೆ. ಈ ಒಡೆಯುವ ಗಳಿಗೆಯನ್ನು ಆರಿಸುವುದೇ ಮೇಲ್ವಿಚಾರಕರ ನಿಜವಾದ ಪರೀಕ್ಷೆ. ಮಂಜು ಕವಿದ ಬೆಳಗಿನಲ್ಲಿ ರನ್‌ವೇ ಬಹುಪಾಲು ಸುಮ್ಮನಿರುತ್ತದೆ. ಮಂಜು ತೆಳುವಾದ ಕೂಡಲೇ ನೆಲದಲ್ಲಿ ಕಾದವರು, ಬೇರೆ ಊರಿಗೆ ತಿರುಗಿಸಿಕೊಂಡು ಹೋದವರು, ಆಗಷ್ಟೇ ಸರದಿಗೆ ಬಂದವರು ಎಲ್ಲರೂ ಒಟ್ಟಿಗೆ ದಾರಿ ಕೇಳುತ್ತಾರೆ. ಆ ಗದ್ದಲ ಶುರುವಾದ ಮೇಲೆ ಸೆಕ್ಟರ್ ಒಡೆಯಲು ಹೊರಟರೆ, ಹೊಸಬರಿಗೆ ಪರಿಸ್ಥಿತಿ ವಿವರಿಸುವ ಕೆಲಸವೂ ಅದೇ ಕಂಟ್ರೋಲರ್ ತಲೆಗೆ ಬೀಳುತ್ತದೆ. ಹ್ಯಾಂಡ್‌ಓವರ್ ಎಂದರೆ ಕುರ್ಚಿ ಬಿಟ್ಟುಕೊಟ್ಟು ಹೋಗುವುದೆಂದು ತಿಳಿಯಬೇಡಿ. ಬರುವವರು ಹೆಡ್‌ಸೆಟ್ ಸಿಕ್ಕಿಸಿಕೊಂಡು ಹಿಂದೆ ನಿಂತು, ಕೆಲವು ನಿಮಿಷ ಮಾತನಾಡದೆ ಕೇಳಿಸಿಕೊಳ್ಳುತ್ತಾರೆ. ಹೋಗುವವರು ಒಂದೊಂದು ವಿಮಾನಕ್ಕೂ ಏನು ಹೇಳಿದ್ದೇನೆ, ಯಾರಿಗೆ ಏನು ಹೇಳುವುದು ಬಾಕಿ ಇದೆ, ಯಾವ ರನ್‌ವೇ ದೀಪ ಕೆಟ್ಟಿದೆ ಎಂಬುದನ್ನೆಲ್ಲ ಪಟ್ಟಿಯ ಪ್ರಕಾರ ಹೇಳುತ್ತಾರೆ. ಅದಾದ ಮೇಲೂ ತುಸು ಹೊತ್ತು ಪಕ್ಕದಲ್ಲೇ ನಿಂತಿರುತ್ತಾರೆ. ಕುರ್ಚಿ ಬದಲಾದ ಮೊದಲ ಹತ್ತು-ಹದಿನೈದು ನಿಮಿಷವನ್ನು ಈ ಕೆಲಸ ಮಾಡುವವರು ಎಲ್ಲಿಯೂ ಅನುಮಾನದಿಂದಲೇ ನೋಡುತ್ತಾರೆ.

ಪ್ರಶ್ನೆ: ರಾತ್ರಿ ಒಂದು ಗಂಟೆಯಿಂದ ನಾಲ್ಕರವರೆಗೆ ಹಲವು ನಿಲ್ದಾಣಗಳಲ್ಲಿ ಬೆರಳೆಣಿಕೆಯ ವಿಮಾನಗಳಷ್ಟೇ ಇರುತ್ತವೆ. ಆಗಲೂ ಟವರಿನಲ್ಲಿ ಇಬ್ಬರು ಬೇಕೆಂದು ಹಟ ಹಿಡಿಯುವುದು ಸರ್ಕಾರಿ ನೌಕರಿಯ ಸುಖವಲ್ಲದೆ ಮತ್ತೇನು?
— ನಿವೃತ್ತ ಲೆಕ್ಕಪರಿಶೋಧಕರು, ಮಂಗಳೂರು

ಉತ್ತರ: ತಾವು ಕೇಳಿದ ರೀತಿ ಖಾರವಾಗಿದ್ದರೂ ಪ್ರಶ್ನೆ ನ್ಯಾಯವಾದದ್ದೇ, ವಿಮಾನ ಸಂಚಾರ ಸಂಸ್ಥೆಗಳನ್ನು ನಡೆಸಿದವರೂ ಇದೇ ಲೆಕ್ಕ ಹಾಕಿದ್ದಾರೆ. ಅದರ ಫಲ 2002ರ ಜುಲೈ 1ರ ರಾತ್ರಿ ಜರ್ಮನಿಯ ಯೂಬರ್‌ಲಿಂಗೆನ್ ಊರಿನ ಮೇಲೆ ಕಾಣಿಸಿತು. ಆ ಪ್ರದೇಶದ ನಿಯಂತ್ರಣ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಕೇಂದ್ರದ್ದಾಗಿತ್ತು. ರಾತ್ರಿ ಪಾಳಿಯಲ್ಲಿ ಇಬ್ಬರಿದ್ದರೂ ಸಂಚಾರ ಕಡಿಮೆಯೆಂದು ಒಬ್ಬರು ವಿಶ್ರಾಂತಿಗೆ ಹೋಗುವುದು ಅಲ್ಲಿ ರೂಢಿಯಾಗಿದ್ದು, ಮೇಲಿನವರೂ ಅದನ್ನು ಸಹಿಸಿಕೊಂಡಿದ್ದರು. ಉಳಿದ ಒಬ್ಬರು ಎರಡು ಪರದೆಗಳ ನಡುವೆ ಓಡಾಡುತ್ತಿದ್ದರು. ದುರಸ್ತಿಗಾಗಿ ಮುಖ್ಯ ಫೋನ್ ವ್ಯವಸ್ಥೆಯನ್ನು ಅಂದೇ ನಿಲ್ಲಿಸಲಾಗಿತ್ತು, ವಿಮಾನಗಳು ಹತ್ತಿರವಾದರೆ ಪರದೆಯ ಮೇಲೆ ಎಚ್ಚರಿಸುವ ಸೌಲಭ್ಯವೂ ಇರಲಿಲ್ಲ. ತಡವಾಗಿ ಬಂದ ಒಂದು ವಿಮಾನವನ್ನು ಪಕ್ಕದ ಸಣ್ಣ ನಿಲ್ದಾಣದಲ್ಲಿ ಇಳಿಸಲು ಅವರು ಹೆಣಗುತ್ತಿದ್ದಾಗ, ಇನ್ನೊಂದು ಪರದೆಯಲ್ಲಿ ರಷ್ಯಾದ ಪ್ರಯಾಣಿಕ ವಿಮಾನ ಮತ್ತು ಒಂದು ಸರಕು ವಿಮಾನ ಒಂದೇ ಎತ್ತರದಲ್ಲಿ ಒಂದೇ ಬಿಂದುವಿನತ್ತ ಸಾಗುತ್ತಿದ್ದವು. ಅವರ ಗಮನಕ್ಕೆ ಅದು ಬಂದಾಗ ಒಂದು ನಿಮಿಷವೂ ಉಳಿದಿರಲಿಲ್ಲ. ಅವರು ರಷ್ಯಾದ ವಿಮಾನಕ್ಕೆ ಕೆಳಗಿಳಿಯಲು ಹೇಳಿದರು, ಆ ವಿಮಾನದೊಳಗಿನ ಡಿಕ್ಕಿ ತಡೆ ಯಂತ್ರ ಮೇಲೇರಲು ಹೇಳಿತು. ಎರಡೂ ವಿಮಾನಗಳು ಡಿಕ್ಕಿಯಾಗಿ, ಬಹುತೇಕ ಮಕ್ಕಳೇ ಇದ್ದ 71 ಜನರು ಸತ್ತರು. ಲೆಕ್ಕ ಪರಿಶೋಧಿಸಿದವರಾದ ತಾವು ಇದನ್ನು ಗಮನಿಸಬೇಕು: 2007ರಲ್ಲಿ ಸ್ವಿಸ್ ನ್ಯಾಯಾಲಯವು ಆ ಸಂಸ್ಥೆಯ ನಾಲ್ವರು ವ್ಯವಸ್ಥಾಪಕರನ್ನು ತಪ್ಪಿತಸ್ಥರೆಂದು ಘೋಷಿಸಿತು.

ಅಂದು ಆಕಾಶದಲ್ಲಿ ವಿಮಾನಗಳ ಗುಂಪೇನೂ ಇರಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಕೆಲಸ ತೀರಾ ಕಡಿಮೆಯಾದಾಗ ಗಮನ ಸಡಿಲವಾಗುತ್ತದೆ. ಒತ್ತಡ ಒಂದು ಮಟ್ಟದವರೆಗೆ ಏರಿದರೆ ಕೆಲಸ ಸುಧಾರಿಸುತ್ತದೆ, ಅದಕ್ಕಿಂತ ಕೆಳಗೂ ಮೇಲೂ ಕೆಡುತ್ತದೆ ಎಂಬ ವಾದಕ್ಕೆ ಮನಃಶಾಸ್ತ್ರಜ್ಞರಾದ ಯರ್ಕ್ಸ್ ಮತ್ತು ಡಾಡ್ಸನ್ 1908ರಲ್ಲಿ ನಡೆಸಿದ ಪ್ರಯೋಗಗಳಷ್ಟು ಹಳೆಯ ಬೇರಿದೆ. ರಾತ್ರಿ ಮೂರು ಗಂಟೆಯ ನಿದ್ರೆಯ ಸೆಳೆತ ಇದರ ಮೇಲೊಂದು ಹೊರೆ. 2011ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನ ರೇಗನ್ ನಿಲ್ದಾಣದಲ್ಲಿ ರಾತ್ರಿ ಪಾಳಿಗಿದ್ದ ಒಬ್ಬರೇ ಅಧಿಕಾರಿ ನಿದ್ರೆಗೆ ಜಾರಿ, ಎರಡು ಪ್ರಯಾಣಿಕ ವಿಮಾನಗಳು ಟವರಿನ ಉತ್ತರವಿಲ್ಲದೆ ಇಳಿದವು. ಆ ಬಳಿಕ ಅಮೆರಿಕದ ವಿಮಾನಯಾನ ಆಡಳಿತವು ರಾತ್ರಿ ಒಬ್ಬರೇ ಇರುತ್ತಿದ್ದ ಟವರುಗಳಿಗೆ ಎರಡನೆಯವರನ್ನು ಕೊಟ್ಟಿತು; ಎರಡು ಪಾಳಿಗಳ ನಡುವಣ ಕನಿಷ್ಠ ವಿರಾಮವನ್ನು 8 ಗಂಟೆಯಿಂದ 9ಕ್ಕೂ, 2024ರಲ್ಲಿ 10ಕ್ಕೂ ಹೆಚ್ಚಿಸಿತು. ಬ್ರಿಟನ್ನಿನ ನಿಯಮ ಇದಕ್ಕಿಂತ ಕಟ್ಟುನಿಟ್ಟು. ಅಲ್ಲಿ ಎರಡು ಗಂಟೆ ಕೂತವರು ಸಾಮಾನ್ಯವಾಗಿ ಅರ್ಧ ಗಂಟೆ ಎದ್ದು ಹೋಗಲೇಬೇಕು, ಪಾಳಿಗಳ ನಡುವೆ 12 ಗಂಟೆ ಬಿಡುವಿರಬೇಕು. ಅರ್ಧ ಗಂಟೆ ಎದ್ದು ಹೋಗಲು ಆ ಕುರ್ಚಿಗೆ ಇನ್ನೊಬ್ಬರು ಇರಬೇಕಷ್ಟೆ. ತಾವು ಕೇಳಿದ ಎರಡನೆಯ ವ್ಯಕ್ತಿ ಅವರೇ.

ಪ್ರಶ್ನೆ: ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟ ವಿಮಾನದಲ್ಲಿ ನಮ್ಮನ್ನು ಕೂರಿಸಿ, ಬಾಗಿಲು ಹಾಕಿ, ಮುಕ್ಕಾಲು ಗಂಟೆ ನಿಲ್ಲಿಸಿದರು. ಆಕಾಶ ಶುಭ್ರವಾಗಿತ್ತು. ಕೇಳಿದರೆ “ಎಟಿಸಿ ಬಿಟ್ಟಿಲ್ಲ” ಎಂದರು. ಇದು ನೆಪವೇ?
— ಗೃಹಿಣಿ, ಧಾರವಾಡ

ಉತ್ತರ: ಬಹುಮಟ್ಟಿಗೆ ನೆಪವಲ್ಲ. ಎಟಿಸಿ ಎಂದರೆ ಏರ್ ಟ್ರಾಫಿಕ್ ಕಂಟ್ರೋಲ್, ಈ ಕಂಟ್ರೋಲರ್‌ಗಳ ವ್ಯವಸ್ಥೆ. ಶುಭ್ರವಾಗಿದ್ದದ್ದು ಹುಬ್ಬಳ್ಳಿಯ ಆಕಾಶ. ಬೆಂಗಳೂರಿನಲ್ಲಿ ಮಳೆಯಿದ್ದಿರಬಹುದು, ರನ್‌ವೇಯಲ್ಲಿ ತಪಾಸಣೆ ನಡೆದಿರಬಹುದು. ಎರಡು ವರ್ಷಕ್ಕೊಮ್ಮೆ ಫೆಬ್ರುವರಿಯಲ್ಲಿ ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವಾಗಲಂತೂ ದೇವನಹಳ್ಳಿಯ ಸಂಚಾರವನ್ನು ಹಗಲಿನ ಕೆಲವು ಗಂಟೆ ನಿಲ್ಲಿಸಿ, ಅದರ ಹಿಂದೆ-ಮುಂದೆ ಎಲ್ಲ ವಿಮಾನಗಳನ್ನೂ ತುಂಬಬೇಕಾಗುತ್ತದೆ. ಇಳಿಯುವ ಕಡೆ ಮಿತಿ ಮೀರುವಂತಿದ್ದರೆ ದೆಹಲಿಯಲ್ಲಿರುವ ಸಂಚಾರ ಹರಿವು ನಿರ್ವಹಣಾ ಕೇಂದ್ರವು ಹೊರಡುವ ವಿಮಾನಗಳಿಗೆ ಲೆಕ್ಕ ಹಾಕಿ ಟೇಕಾಫ್ ಸಮಯವನ್ನು ಕೊಡುತ್ತದೆ. ಮೇಲೆ ಸುತ್ತು ಹೊಡೆಯುತ್ತ ಇಂಧನ ಸುಡುವುದಕ್ಕಿಂತ, ಅಲ್ಲಿ ಮೊದಲೇ ಒದ್ದಾಡುತ್ತಿರುವ ಕಂಟ್ರೋಲರ್ ಪರದೆಗೆ ಇನ್ನೊಂದು ಚುಕ್ಕೆ ಸೇರಿಸುವುದಕ್ಕಿಂತ, ನೆಲದಲ್ಲಿ ಕಾಯುವುದು ಎಲ್ಲರಿಗೂ ಕ್ಷೇಮ. ಆದರೆ ಆ ಮುಕ್ಕಾಲು ಗಂಟೆಯನ್ನು ಲೌಂಜಿನಲ್ಲಿ ಕಳೆಯಬೇಕೋ ಬಾಗಿಲು ಮುಚ್ಚಿದ ವಿಮಾನದಲ್ಲಿ ಕಳೆಯಬೇಕೋ ಎಂಬುದು ವಿಮಾನಯಾನ ಸಂಸ್ಥೆಯ ತೀರ್ಮಾನ. ಆ ಸೆಕೆಗೆ ಎಟಿಸಿಯನ್ನು ಬೈಯಬೇಡಿ.

ಪ್ರಶ್ನೆ: 2025ರ ನವೆಂಬರ್‌ನಲ್ಲಿ ಊರಿಗೆ ಬರಲು ಹೊರಟಾಗ ಇಲ್ಲಿನ ನಮ್ಮ ಮೊದಲ ವಿಮಾನವೇ ರದ್ದಾಯಿತು. ಕಂಟ್ರೋಲರ್‌ಗಳಿಲ್ಲ ಎಂದರು. ಅಮೆರಿಕದಂಥ ದೇಶಕ್ಕೆ ಒಂದಿಷ್ಟು ಜನರನ್ನು ನೇಮಿಸಿಕೊಳ್ಳಲು ಏನು ಕಷ್ಟ?
— ಕನ್ನಡಿಗರೊಬ್ಬರು, ಶಾರ್ಲೆಟ್, ನಾರ್ತ್ ಕರೋಲಿನಾ

ಉತ್ತರ: ಆ ಸಲದ ತಕ್ಷಣದ ಕಾರಣ ನಿಮಗೆ ಗೊತ್ತೇ ಇದೆ. ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಅಲ್ಲಿನ ಸರ್ಕಾರದ ಖರ್ಚಿಗೆ ಮಂಜೂರಾತಿ ಸಿಗದೆ, ಕಂಟ್ರೋಲರ್‌ಗಳು ಸಂಬಳವಿಲ್ಲದೆ ಕೆಲಸಕ್ಕೆ ಬರಬೇಕಾಯಿತು. ಗೈರುಹಾಜರಿ ಹೆಚ್ಚಿದಾಗ ಆಡಳಿತವು ನಿಮ್ಮ ಶಾರ್ಲೆಟ್ ಸೇರಿದಂತೆ 40 ನಿಲ್ದಾಣಗಳಲ್ಲಿ ನವೆಂಬರ್ 7ರಿಂದ ಶೇ. 4ರಷ್ಟು, ಬಳಿಕ ಶೇ. 6ರಷ್ಟು ವಿಮಾನಗಳನ್ನು ಕಡಿತಗೊಳಿಸಿತು. ನಿಮಗೆ ತೊಂದರೆಯಾಯಿತು, ನಿಜ. ಆದರೂ ಜನ ಕಡಿಮೆಯಿದ್ದಾಗ ಸಂಚಾರವನ್ನೇ ಕಡಿಮೆ ಮಾಡುವುದು, ಇದ್ದವರ ಬೆನ್ನಿಗೆ ಇನ್ನಷ್ಟು ಹೇರುವುದಕ್ಕಿಂತ ಪ್ರಾಮಾಣಿಕವಾದ ಕ್ರಮವೆಂದೇ ನನ್ನ ಅಭಿಪ್ರಾಯ. ಅದೇ ವರ್ಷ ಜನವರಿ 29ರಂದು ವಾಷಿಂಗ್ಟನ್‌ನಲ್ಲಿ ಪ್ರಯಾಣಿಕ ವಿಮಾನ ಮತ್ತು ಸೇನಾ ಹೆಲಿಕಾಪ್ಟರ್ ಡಿಕ್ಕಿಯಾಗಿ 67 ಮಂದಿ ಸತ್ತಾಗ, ವಿಮಾನಗಳನ್ನೂ ಹೆಲಿಕಾಪ್ಟರ್‌ಗಳನ್ನೂ ಒಬ್ಬರೇ ಕಂಟ್ರೋಲರ್ ನೋಡಿಕೊಳ್ಳುತ್ತಿದ್ದರೆಂಬುದು ಎಲ್ಲರ ನೆನಪಿನಲ್ಲಿತ್ತು. ಆ ಅಪಘಾತಕ್ಕೆ ಬೇರೆ ಕಾರಣಗಳೂ ಇದ್ದವು.

ಮೂಲ ಕಾರಣ ಇನ್ನೂ ಹಳೆಯದು. 1981ರ ಆಗಸ್ಟ್‌ನಲ್ಲಿ ಕಡಿಮೆ ಗಂಟೆಗಳ ವಾರ ಮತ್ತು ಹೆಚ್ಚಿನ ವೇತನಕ್ಕಾಗಿ ಸುಮಾರು 13,000 ಕಂಟ್ರೋಲರ್‌ಗಳು ಮುಷ್ಕರ ಹೂಡಿದರು. ಅಧ್ಯಕ್ಷ ರೇಗನ್ ಅವರಲ್ಲಿ 11,345 ಮಂದಿಯನ್ನು ವಜಾ ಮಾಡಿದರು. ಅವರ ಜಾಗಕ್ಕೆ ಕೆಲವೇ ವರ್ಷಗಳಲ್ಲಿ ಒಂದೇ ವಯಸ್ಸಿನ ದೊಡ್ಡ ತಂಡವನ್ನು ಭರ್ತಿ ಮಾಡಿಕೊಂಡರು. ಅಲ್ಲಿ 31 ತುಂಬುವುದರೊಳಗೆ ಸೇರಬೇಕು, 56ಕ್ಕೆ ಕುರ್ಚಿ ಬಿಡಬೇಕು ಎಂಬ ನಿಯಮವಿದೆ. ಹಾಗಾಗಿ ಒಟ್ಟಿಗೆ ಬಂದವರು 2005ರ ನಂತರದ ವರ್ಷಗಳಲ್ಲಿ ಒಟ್ಟಿಗೇ ಹೊರಟರು. ಇಪ್ಪತ್ತೈದು ವರ್ಷದ ಹಿಂದಿನ ನೇಮಕಾತಿಯ ಅಲೆ ನಿವೃತ್ತಿಯ ಅಲೆಯಾಗಿ ತಿರುಗಿ ಬಂದಿತು.

ನೇಮಿಸಿದ ಕೂಡಲೇ ಕಂಟ್ರೋಲರ್ ಸಿದ್ಧರಾಗುವುದಿಲ್ಲ ಎಂಬುದು ಇನ್ನೊಂದು ತೊಡಕು. ತರಗತಿ, ಸಿಮ್ಯುಲೇಟರ್, ಆಮೇಲೆ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಜವಾದ ವಿಮಾನಗಳೊಡನೆ ತಿಂಗಳುಗಟ್ಟಲೆ ಅಭ್ಯಾಸ, ಎಲ್ಲ ಸೇರಿ ಎರಡು-ಮೂರು ವರ್ಷ ಹಿಡಿಯುತ್ತದೆ. ಅಷ್ಟಾದ ಮೇಲೂ ಪರವಾನಗಿಯಲ್ಲಿ ನಮೂದಾಗುವುದು ಆ ಕೇಂದ್ರ, ಆ ಸ್ಥಾನ ಮಾತ್ರ. ಮುಂಬೈನಲ್ಲಿ ದಿನವಿಡೀ ರನ್‌ವೇ ನಡೆಸುವ ಪಳಗಿದ ಕೈಯನ್ನು ನಾಳೆ ಬೆಂಗಳೂರಿಗೆ ವರ್ಗ ಮಾಡಿದರೆ, ಅವರು ಇಲ್ಲಿನ ದಾರಿಗಳನ್ನು ಕಲಿತು ಹೊಸದಾಗಿ ಪರೀಕ್ಷೆ ಕೊಡದೆ ಮೈಕ್ ಮುಟ್ಟುವಂತಿಲ್ಲ.

ಕೊರೊನಾ ಕಾಲದಲ್ಲಿ ಈ ತೊಡಕು ಎಲ್ಲ ದೇಶಗಳಲ್ಲೂ ಒಮ್ಮೆಗೇ ಬಯಲಾಯಿತು. ಯುರೋಪಿನಲ್ಲಿ 2019ರಲ್ಲಿ ಸುಮಾರು 1.11 ಕೋಟಿ ಹಾರಾಟಗಳಿದ್ದವು, 2020ರಲ್ಲಿ ಅವು 50 ಲಕ್ಷಕ್ಕೆ ಇಳಿದವು. ನಮ್ಮಲ್ಲಿ 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶೀಯ ಪ್ರಯಾಣಿಕ ವಿಮಾನಗಳೇ ನಿಂತವು. ಮೇ 25ರಂದು ಮೂರನೇ ಒಂದು ಪಾಲಿನೊಂದಿಗೆ ಶುರುವಾಗಿ, ಮಿತಿ ಪೂರ್ತಿ ತೆರವಾದದ್ದು 2021ರ ಅಕ್ಟೋಬರ್ 18ರಂದು. ಆ ಅವಧಿಯಲ್ಲಿ ಕಂಟ್ರೋಲರ್‌ಗಳಿಗೆ ಬಿಡುವು ಸಿಕ್ಕಿತೆಂದು ಹೊರಗಿನವರು ತಿಳಿದರು. ಆದರೆ ಕಲಿಯುವವರಿಗೆ ಕಲಿಯಲು ವಿಮಾನಗಳೇ ಇರಲಿಲ್ಲ. ಅಮೆರಿಕದ ಒಕ್ಲಹೋಮ ಸಿಟಿಯ ತರಬೇತಿ ಶಾಲೆ ತಿಂಗಳುಗಟ್ಟಲೆ ಮುಚ್ಚಿತ್ತು. ಕಲಿತವರಿಗೂ ದಟ್ಟಣೆಯ ಅಭ್ಯಾಸ ತಪ್ಪಿಹೋಯಿತು. ವೃತ್ತಿ ಕೌಶಲದಲ್ಲಿ ಒಂದು ಪಾಲು ದಿನದಿನದ ರೂಢಿಯಿಂದಲೇ ಉಳಿಯುವುದರಿಂದ, ಸಂಚಾರ ಮರಳಿದಾಗ ಎಷ್ಟೋ ಕೇಂದ್ರಗಳು ತಮ್ಮ ಹಳೆಯ ಸಿಬ್ಬಂದಿಗೂ ಸಿಮ್ಯುಲೇಟರ್‌ನಲ್ಲಿ ದಟ್ಟಣೆಯನ್ನು ಮತ್ತೆ ತೋರಿಸಬೇಕಾಯಿತು. ಸಂಚಾರ ಮಾತ್ರ ಯಾರಿಗೂ ಕಾಯಲಿಲ್ಲ. 2024ರ ನವೆಂಬರ್ 17ರಂದು ಭಾರತದಲ್ಲಿ ಒಂದೇ ದಿನ ದೇಶೀಯ ವಿಮಾನಗಳಲ್ಲಿ ಹಾರಿದವರ ಸಂಖ್ಯೆ ಮೊದಲ ಬಾರಿಗೆ 5 ಲಕ್ಷ ದಾಟಿತು. 2025ರ ಆಗಸ್ಟ್‌ನಲ್ಲಿ ವಿಮಾನಯಾನ ಸುರಕ್ಷತೆಯ ಕುರಿತು ವರದಿ ನೀಡಿದ ನಮ್ಮ ಸಂಸದೀಯ ಸ್ಥಾಯಿ ಸಮಿತಿಯು ಕಂಟ್ರೋಲರ್‌ಗಳ ಕೊರತೆ ಮತ್ತು ಆಯಾಸವನ್ನು ಗಂಭೀರವಾಗಿ ಪ್ರಸ್ತಾಪಿಸಿದೆ. ಅಮೆರಿಕದ ಕಥೆ ನಮ್ಮದಲ್ಲವೆಂದು ಕೈ ತೊಳೆದುಕೊಳ್ಳುವಂತಿಲ್ಲ.

ಪ್ರಶ್ನೆ: ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿದ್ದರಿಂದ ಗಡಿಯ ಕಡೆ ಸಂಚಾರ ಇಳಿದಿರಬೇಕಲ್ಲ? ಕಂಟ್ರೋಲರ್‌ಗಳಿಗೆ ಅಷ್ಟರಮಟ್ಟಿಗಾದರೂ ಹಗುರವಾಯಿತೇ?
— ಓದುಗರು, ದುಬೈ

ಉತ್ತರ: ಇಳಿದದ್ದು ಒಂದು ಕಡೆ, ಏರಿದ್ದು ಇನ್ನೊಂದು ಕಡೆ. 2025ರ ಏಪ್ರಿಲ್ 24ರ ನಂತರ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ದಕ್ಷಿಣಕ್ಕೆ ಬಳಸಿ, ಮುಂಬೈ ವಲಯದ ಮೂಲಕ ಅರಬ್ಬಿ ಸಮುದ್ರದ ಮೇಲೆ ಸಾಗಬೇಕಾಯಿತು. ನಿಮ್ಮ ಊರಿನಿಂದ ಬೆಂಗಳೂರು, ಮಂಗಳೂರಿಗೆ ಬರುವ ವಿಮಾನಗಳೂ ಆ ಸಮುದ್ರವನ್ನೇ ದಾಟುತ್ತವೆ. ಕರಾವಳಿಯ ರಾಡಾರ್ ತಲುಪದ ದೂರದಲ್ಲಿ ವಿಮಾನಗಳ ನಡುವೆ ಹೆಚ್ಚಿನ ಅಂತರ ಬಿಡಬೇಕಾದ್ದರಿಂದ, ಸೇರಿಕೊಂಡ ಪ್ರತಿಯೊಂದು ವಿಮಾನವೂ ಅಲ್ಲಿ ಹೆಚ್ಚು ಜಾಗ ಕೇಳುತ್ತದೆ. ಅದೇ ಮೇ ತಿಂಗಳಲ್ಲಿ ಉತ್ತರ ಮತ್ತು ಪಶ್ಚಿಮ ಭಾರತದ 32 ನಿಲ್ದಾಣಗಳನ್ನು ಕೆಲವು ದಿನ ಮುಚ್ಚಿದಾಗಲೂ ಹೀಗೆಯೇ ಆಯಿತು.

ಪ್ರಶ್ನೆ: ಇಷ್ಟೆಲ್ಲ ಕಷ್ಟವೇಕೆ? ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಈ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಬಾರದೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಉತ್ತರ: ಯಂತ್ರಗಳು ಬಂದಿವೆ, ಅವುಗಳಿಂದ ಜೀವಗಳೂ ಉಳಿದಿವೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಿಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಜನರು ಸತ್ತಾಗ, ದೆಹಲಿಯ ಕಂಟ್ರೋಲರ್ ಮುಂದಿದ್ದ ರಾಡಾರ್‌ನಲ್ಲಿ ವಿಮಾನಗಳ ಎತ್ತರ ಕಾಣುತ್ತಿರಲಿಲ್ಲ. ಬರುವವರಿಗೂ ಹೋಗುವವರಿಗೂ ಒಂದೇ ದಾರಿಯಿತ್ತು. ಎತ್ತರ ತೋರಿಸುವ ರಾಡಾರ್, ಬೇರೆ ಬೇರೆ ದಾರಿಗಳು, ವಿಮಾನದೊಳಗೆ ಕಡ್ಡಾಯ ಡಿಕ್ಕಿ ತಡೆ ಯಂತ್ರ, ಇವೆಲ್ಲ ಆ ದುರಂತದ ನಂತರ ನಮ್ಮಲ್ಲಿ ಬಂದವು. ಆದರೆ ಪ್ರತಿಯೊಂದು ಸುಧಾರಣೆಯಿಂದ ಸಿಕ್ಕ ಸೌಲಭ್ಯವನ್ನು ಕಂಟ್ರೋಲರ್‌ಗೆ ಬಿಡುವು ಕೊಡಲು ಬಳಸಿದ್ದು ಕಡಿಮೆ, ಇನ್ನಷ್ಟು ವಿಮಾನಗಳನ್ನು ತುಂಬಲು ಬಳಸಿದ್ದೇ ಹೆಚ್ಚು. 2003ರ ನವೆಂಬರ್‌ನಲ್ಲಿ 29,000 ಅಡಿಗಿಂತ ಮೇಲೆ ಹಾರುವ ವಿಮಾನಗಳ ನಡುವಣ ಎತ್ತರದ ಅಂತರವನ್ನು 2000 ಅಡಿಯಿಂದ 1000ಕ್ಕೆ ಇಳಿಸಿದ್ದು ಹೀಗೆಯೇ. ಹೊಸದಾಗಿ ಆರು ಮಟ್ಟಗಳು ಸಿಕ್ಕವು, ಅವು ತುಂಬಿಯೂ ಹೋದವು.

ಯಂತ್ರ ಕೈಕೊಟ್ಟ ದಿನ ಹೊರೆ ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ಯೋಚಿಸಿ. 2025ರ ನವೆಂಬರ್ 6-7ರಂದು ದೆಹಲಿಯಲ್ಲಿ ಫ್ಲೈಟ್ ಪ್ಲಾನ್‌ಗಳನ್ನು ತಾನಾಗಿಯೇ ರವಾನಿಸುವ ಸಂದೇಶ ವ್ಯವಸ್ಥೆ ಕೆಟ್ಟಾಗ ರಾಡಾರ್ ಚೆನ್ನಾಗಿಯೇ ಇತ್ತು, ರೇಡಿಯೊ ಚೆನ್ನಾಗಿಯೇ ಇತ್ತು. ಪ್ರತಿಯೊಂದು ಯೋಜನೆಯನ್ನೂ ಕೈಯಿಂದ ತುಂಬಿಸಬೇಕಾಗಿ ಬಂದದ್ದಕ್ಕೇ ನೂರಾರು ವಿಮಾನಗಳು ತಡವಾದವು. ಎಲ್ಲವನ್ನೂ ಯಂತ್ರವೇ ನೋಡಿಕೊಳ್ಳುವಂತಾದರೆ, ಅಂಥ ದಿನಕ್ಕೆ ಬೇಕಾದ ಕೈರೂಢಿ ಯಾರಲ್ಲೂ ಉಳಿದಿರುವುದಿಲ್ಲ.

ಪ್ರಶ್ನೆ: ನನ್ನ ಮಗಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ಈ ಕೆಲಸಕ್ಕೆ ಸೇರುವುದು ಹೇಗೆ?
— ತಾಯಿಯೊಬ್ಬರು, ಶಿವಮೊಗ್ಗ

ಉತ್ತರ: ಭೌತಶಾಸ್ತ್ರ ಮತ್ತು ಗಣಿತ ಎರಡನ್ನೂ ಓದಿದ್ದರೆ ಅರ್ಹಳು, ಎಂಜಿನಿಯರಿಂಗ್ ಪದವೀಧರರಿಗೂ ಅವಕಾಶವಿದೆ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಜೂನಿಯರ್ ಎಕ್ಸಿಕ್ಯೂಟಿವ್ ಹುದ್ದೆಗೆ ಅರ್ಜಿ ಕರೆಯುತ್ತದೆ. ಸಾಮಾನ್ಯ ವರ್ಗಕ್ಕೆ ವಯೋಮಿತಿ 27, ಮೀಸಲಾತಿಯಂತೆ ಸಡಿಲಿಕೆ ಉಂಟು. ಕಂಪ್ಯೂಟರ್ ಪರೀಕ್ಷೆಯ ನಂತರ ಧ್ವನಿ ಪರೀಕ್ಷೆ, ಮನಃಶಾಸ್ತ್ರೀಯ ಪರೀಕ್ಷೆ ಮತ್ತು ವೈದ್ಯಕೀಯ ತಪಾಸಣೆ ಇರುತ್ತವೆ. ಪ್ರಯಾಗ್‌ರಾಜ್‌ನ ತರಬೇತಿ ಕಾಲೇಜು ಈ ಕ್ಷೇತ್ರದ ಹಳೆಯ ಶಾಲೆ, ಹೈದರಾಬಾದ್ ಮತ್ತು ಗೊಂದಿಯಾದಲ್ಲೂ ಕೇಂದ್ರಗಳಿವೆ. ಪಾಳಿಯ ಕೆಲಸವಾದ್ದರಿಂದ ಹಬ್ಬಹರಿದಿನಗಳಲ್ಲಿ ಮನೆಗೆ ಬರಲಾಗದಿರಬಹುದು, ಮೊದಲ ನೇಮಕಾತಿ ಕರ್ನಾಟಕದಲ್ಲೇ ಸಿಗುತ್ತದೆಂಬ ಭರವಸೆಯೂ ಇಲ್ಲ. ಈ ಎರಡು ವಿಷಯಗಳನ್ನು ಅರ್ಜಿ ಹಾಕುವ ಮೊದಲೇ ಮಗಳೊಡನೆ ಮಾತನಾಡಿಕೊಳ್ಳಿ.